ಕಪ್ಪು ಬಿಳುಪು ಅಂಗಿಯ ನಲ್ವತ್ತು ವರ್ಷ

ಕೋಲ್ಕತಾ ಎಂದೊಡನೆ ನಿಮಗೆ ಹೌರಾ ಸೇತುವೆ, ಟ್ರಾಮು, ರಸಗುಲ್ಲಾ ನೆನಪಾಗಬಹುದು. ಆದರೆ ಆ ನಗರದ ಜನರನ್ನು ಅರಿಯಬೇಕಾದರೆ ನೀವು ಅಲ್ಲಿನ ಮೈದಾನಕ್ಕೆ ಹೋಗಬೇಕು. ನಗರದ ನಟ್ಟನಡುವೆ ಹರಡಿರುವ ಆ ಹಸಿರು ಬಯಲಿಗೆ 'ಮೈದಾನ್' ಎಂದೇ ಹೆಸರು. ಅದು ಸೇನೆಯ ಸ್ವತ್ತು. ಅಲ್ಲಿ ಶಾಶ್ವತ ಕಟ್ಟಡ ಕಟ್ಟುವಂತಿಲ್ಲ. ಹಾಗಾಗಿ ಶತಮಾನ ದಾಟಿದ ದೊಡ್ಡ ದೊಡ್ಡ ಫುಟ್ಬಾಲ್ ಕ್ಲಬ್ಬುಗಳ ಮನೆಗಳನ್ನೂ ಜನ ಇಂದಿಗೂ 'ಟೆಂಟ್' ಎಂದೇ ಕರೆಯುತ್ತಾರೆ.

ಎಸ್ಪ್ಲನೇಡ್ ಮೆಟ್ರೋ ನಿಲ್ದಾಣದಿಂದ ಮೇಲೆ ಬಂದರೆ ಧರ್ಮತಲಾದ ಮೂಲೆಯಲ್ಲಿ ಅನೇಕ ಗುಂಬಜಗಳ ಒಂದು ಮಸೀದಿ ಕಾಣುತ್ತದೆ. ಅದರ ಹೆಸರು ಟಿಪ್ಪು ಸುಲ್ತಾನ್ ಮಸೀದಿ. ನಮ್ಮ ಶ್ರೀರಂಗಪಟ್ಟಣ 1799ರಲ್ಲಿ ಪತನವಾದ ಮೇಲೆ ಟಿಪ್ಪುವಿನ ಮಕ್ಕಳನ್ನು ಆಂಗ್ಲರು ವೆಲ್ಲೂರಿನ ಕೋಟೆಯಲ್ಲಿಟ್ಟರು. 1806ರ ವೆಲ್ಲೂರು ದಂಗೆಯ ನಂತರ ಅಲ್ಲಿಂದಲೂ ಕಿತ್ತು ಕೋಲ್ಕತಾಕ್ಕೆ ಸಾಗಿಸಿದರು. ಕಿರಿಯ ಮಗ ಗುಲಾಮ್ ಮುಹಮ್ಮದ್ 1842ರಲ್ಲಿ ಈ ಮಸೀದಿಯನ್ನು ಕಟ್ಟಿಸಿದರು. ಅದನ್ನು ನೋಡುತ್ತಿದ್ದಂತೆ, ಎಲ್ಲವನ್ನೂ ಕಳೆದುಕೊಂಡವರು ಹೊಸ ಊರಲ್ಲಿ ಹೇಗೆ ಬೇರೂರುತ್ತಾರೆ ಎಂಬ ಪ್ರಶ್ನೆ ಯಾರ ಮನಸ್ಸಿನಲ್ಲೂ ಏಳದಿರದು.

ಮೈದಾನ ಅಲ್ಲಿಂದ ನಡಿಗೆಯ ದೂರ. ರೆಡ್ ರೋಡ್ ನಿಮಗೆ ಗೊತ್ತಿರಬಹುದು, ಈದ್‌ನ ಬೃಹತ್ ಜಮಾಅತ್ ನಡೆಯುವ ರಸ್ತೆ. ಈ ಮೈದಾನದಲ್ಲೇ 1891ರಲ್ಲಿ ಹುಟ್ಟಿದ ಮೊಹಮ್ಮಡನ್ ಸ್ಪೋರ್ಟಿಂಗ್ ಕ್ಲಬ್ಬಿನ ಅಂಗಳವಿದೆ. ಕಪ್ಪು ಬಿಳುಪು ಪಟ್ಟೆಯ ಅಂಗಿ ಅದರ ಗುರುತು.

ಆಂಗ್ಲರ ಸೈನಿಕ ತಂಡಗಳೇ ಮೆರೆಯುತ್ತಿದ್ದ ಕಾಲವದು. 1934ರಲ್ಲಿ, ಮೇಲಿನ ದರ್ಜೆಗೆ ಬಡ್ತಿ ಪಡೆದ ಮೊದಲ ವರ್ಷವೇ, ಈ ತಂಡ ಕಲ್ಕತ್ತಾ ಲೀಗ್ ಗೆದ್ದಿತು. ಆ ಲೀಗ್ ಗೆದ್ದ ಮೊತ್ತಮೊದಲ ಭಾರತೀಯ ತಂಡ ಅದು. 1938ರ ತನಕ ಸತತ ಐದು ವರ್ಷ ಗೆದ್ದಿತು. 1940ರಲ್ಲಿ ದೆಹಲಿಯಲ್ಲಿ ಆಂಗ್ಲ ಸೈನಿಕ ತಂಡವೊಂದನ್ನು ಸೋಲಿಸಿ ಡ್ಯುರಾಂಡ್ ಕಪ್ ಎತ್ತಿತು. ಅದೂ ಭಾರತೀಯ ತಂಡವೊಂದಕ್ಕೆ ಮೊದಲ ಸಲ. ಆ ದಿನಗಳಲ್ಲಿ ನಮ್ಮ ಬೆಂಗಳೂರಿನಿಂದಲೂ ಆಟಗಾರರು ಅಲ್ಲಿಗೆ ಹೋಗಿದ್ದರು. ಬೆಂಗಳೂರಿನ 'ಬೆಂಗಳೂರು ಮುಸ್ಲಿಮ್ಸ್' ತಂಡ 1937 ಮತ್ತು 1938ರಲ್ಲಿ ಮುಂಬಯಿಯ ರೋವರ್ಸ್ ಕಪ್ ಗೆದ್ದಿತ್ತು. 1940ರ ಫೈನಲ್‌ನಲ್ಲಿ ಅದನ್ನು ಸೋಲಿಸಿದ್ದು ಇದೇ ಮೊಹಮ್ಮಡನ್. ನಮ್ಮ ಎಷ್ಟು ಮನೆಗಳಲ್ಲಿ ಈ ಕತೆ ಗೊತ್ತು ಹೇಳಿ?

ಮೈದಾನದಿಂದ ನೈಋತ್ಯಕ್ಕೆ ಖಿದಿರ್‌ಪುರ ದಾಟಿ ಹೋದರೆ ಮಟಿಯಾಬುರ್ಜ್. ಅವಧದ ನವಾಬ ವಾಜಿದ್ ಅಲೀ ಶಾಹ್ ಗಡೀಪಾರಾಗಿ ಬಂದು ನೆಲೆಸಿದ ಜಾಗ. ಈಗ ಅದು ದರ್ಜಿಗಳ ಊರು. ಯಾವ ಗಲ್ಲಿಗೆ ಹೊಕ್ಕರೂ ಹೊಲಿಗೆ ಯಂತ್ರದ ಸದ್ದು ನಿಮ್ಮನ್ನು ಹಿಂಬಾಲಿಸುತ್ತದೆ. 1936ರಲ್ಲಿ ಬರಿಗಾಲಿಗೆ ಬಟ್ಟೆಪಟ್ಟಿ ಸುತ್ತಿಕೊಂಡು ಸ್ಕಾಟ್ಲೆಂಡಿನ ಸೆಲ್ಟಿಕ್ ತಂಡಕ್ಕೆ ಆಡಿ ಬೆರಗು ಹುಟ್ಟಿಸಿದ ಮುಹಮ್ಮದ್ ಸಲೀಮ್ ಇಲ್ಲಿಯವರೇ.

ನನ್ನ ಪತಿಗೆ ಬಟ್ಟೆ ವ್ಯಾಪಾರದಿಂದ ಪರಿಚಯವಾದ ಒಬ್ಬ ಹಿರಿಯ ದರ್ಜಿಯ ಮನೆಗೆ ನಾವು ಹೋಗಿದ್ದೆವು. ಗಲ್ಲಿಯವರು ಅವರನ್ನು ಮಾಸ್ಟರ್‌ಜೀ ಎನ್ನುತ್ತಾರೆ. ಹೊಲಿಗೆ ಯಂತ್ರದ ಮೇಲಿನ ಗೋಡೆಯಲ್ಲಿ ಮಾಸಿದ ಕಪ್ಪು ಬಿಳುಪು ಬಾವುಟ. ನಾನು ಅದರತ್ತ ನೋಡಿದ್ದೇ ತಡ, ಅವರ ಪತ್ನಿ ನಕ್ಕರು. "ನನ್ನ ಸವತಿ ಅದು. ಅವರು ಸೋತ ದಿನ ಇವರಿಗೆ ಊಟ ಸೇರುವುದಿಲ್ಲ. ಮದುವೆಯಾದ ಹೊಸತರಲ್ಲಿ ನನ್ನ ಸಾಲನ್ ಕೆಟ್ಟಿದೆಯೆಂದು ಅಳುತ್ತಿದ್ದೆ. ಆಮೇಲೆ ಗೊತ್ತಾಯಿತು, ಕೆಟ್ಟದ್ದು ಸಾಲನ್ ಅಲ್ಲ, ಗೋಲ್‌ಕೀಪರ್!"

1981ರಲ್ಲಿ ತಂಡ ಹನ್ನೊಂದನೇ ಸಲ ಲೀಗ್ ಗೆದ್ದಾಗ ಮಾಸ್ಟರ್‌ಜೀಗೆ ಇಪ್ಪತ್ತೆರಡು ವರ್ಷ. ಮುಂದಿನ ಗೆಲುವಿಗೆ ನಲ್ವತ್ತು ವರ್ಷ ಕಾಯಬೇಕಾದೀತೆಂದು ಯಾರಿಗೆ ತಿಳಿದಿತ್ತು? ನಡುವೆ ಹಣದ ಮುಗ್ಗಟ್ಟು, ಆಡಳಿತದ ಒಳಜಗಳ. ರಾಷ್ಟ್ರೀಯ ಲೀಗ್‌ನಿಂದ ಕೆಳಕ್ಕೆ ಬೀಳುವುದು, ಏಳುವುದು, ಮತ್ತೆ ಬೀಳುವುದು. 2013ರಲ್ಲಿ ಡ್ಯುರಾಂಡ್ ಕಪ್ 73 ವರ್ಷಗಳ ನಂತರ ಮರಳಿ ಬಂತು. ಆದರೆ ಅದೇ ಋತುವಿನ ಕೊನೆಗೆ, 2014ರಲ್ಲಿ, ತಂಡ ಐ-ಲೀಗ್‌ನಿಂದ ಹೊರಬಿತ್ತು. ಅವರ ಮಕ್ಕಳು ಕೇಳುತ್ತಿದ್ದರಂತೆ, "ಅಬ್ಬಾ, ಗೆಲ್ಲುವ ತಂಡ ಯಾವುದಾದರೂ ಹಿಡಿದುಕೊಳ್ಳಬಾರದೇ?" ಮಾಸ್ಟರ್‌ಜೀಯ ಉತ್ತರ: "ಅಂಗಡಿ ನಡೆಯದ ವರ್ಷ ನಿಮ್ಮ ಅಮ್ಮ ನನ್ನನ್ನು ಬಿಟ್ಟು ಹೋದಳೇನು?"

2020ರಲ್ಲಿ ತಂಡ ಅರ್ಹತಾ ಟೂರ್ನಿ ಗೆದ್ದು ಐ-ಲೀಗ್‌ಗೆ ಮರಳಿತು. 2021ರ ಅಕ್ಟೋಬರ್‌ನಲ್ಲಿ ಡ್ಯುರಾಂಡ್ ಫೈನಲ್‌ನಲ್ಲಿ ಎಫ್‌ಸಿ ಗೋವಾ ಎದುರು ಹೆಚ್ಚುವರಿ ಸಮಯದಲ್ಲಿ ಸೋಲು. ಆರೇ ವಾರಗಳ ಬಳಿಕ, ನವೆಂಬರ್ 18ರಂದು, ಸಾಲ್ಟ್ ಲೇಕ್ ಕ್ರೀಡಾಂಗಣದಲ್ಲಿ ಕಲ್ಕತ್ತಾ ಲೀಗ್ ಫೈನಲ್. ಎದುರಾಳಿ ರೈಲ್ವೇ ತಂಡ. ಮಾಸ್ಟರ್‌ಜೀ ಮೊಮ್ಮಗನ ಕೈಹಿಡಿದು ನಗರದ ಆಚೆ ತುದಿಗೆ ಬಸ್ಸು ಬದಲಿಸುತ್ತಾ ಹೋದರು. ಟ್ರಿನಿಡಾಡ್‌ನ ಮಾರ್ಕಸ್ ಜೋಸೆಫ್ ಮೂರನೇ ನಿಮಿಷದಲ್ಲೇ ಗೋಲು ಹೊಡೆದರು. "ಆಮೇಲಿನ ಎಂಬತ್ತೇಳು ನಿಮಿಷ ನನಗೆ ನಲ್ವತ್ತು ವರ್ಷಕ್ಕಿಂತ ಉದ್ದವಾಗಿತ್ತು" ಎಂದರು ಅವರು. ಇನ್ನೊಂದು ಗೋಲು ಯಾರಿಂದಲೂ ಬರಲಿಲ್ಲ. ಸೀಟಿ ಊದಿದಾಗ ಪಕ್ಕದಲ್ಲಿದ್ದ ಅಪರಿಚಿತ ಮುದುಕರೊಬ್ಬರು ಇವರ ಹೆಗಲಿಗೆ ತಲೆಯಿಟ್ಟು ಅತ್ತರಂತೆ. ಮೊಮ್ಮಗ ಹೆದರಿ, "ನಾವು ಸೋತೆವಾ ದಾದಾ?" ಎಂದು ಕೇಳಿದನಂತೆ!

ಕತೆ ಇಲ್ಲಿಗೇ ಮುಗಿದರೆ ಅದು ಸಿನಿಮಾ ಆದೀತು. 2022ರ ಮೇ 14ರಂದು ಅದೇ ಕ್ರೀಡಾಂಗಣದಲ್ಲಿ ಐ-ಲೀಗ್ ಕಿರೀಟದ ಕೊನೆಯ ಪಂದ್ಯ. ಗೋಕುಲಂ ಕೇರಳಕ್ಕೆ ಡ್ರಾ ಸಾಕಿತ್ತು, ಮೊಹಮ್ಮಡನ್‌ಗೆ ಗೆಲುವೇ ಬೇಕಿತ್ತು. ಗೋಕುಲಂ 2-1ರಿಂದ ಗೆದ್ದಿತು. ಆ ರಾತ್ರಿ ಮಾಸ್ಟರ್‌ಜೀ ಊಟ ಮಾಡಿದರು. "ಮೊಮ್ಮಗ ನನ್ನನ್ನೇ ನೋಡುತ್ತಿದ್ದ. ಸೋತ ದಿನ ಹೇಗಿರಬೇಕೆಂದು ಅವನು ಕಲಿಯುವುದು ನನ್ನಿಂದಲೇ ಅಲ್ಲವೇ?"

ಮುಂದಿನ ಎರಡು ವರ್ಷವೂ ಕಲ್ಕತ್ತಾ ಲೀಗ್ ಗೆದ್ದು ತಂಡ ಹ್ಯಾಟ್ರಿಕ್ ಸಾಧಿಸಿತು. ಬಳಿಕ 2024ರ ಏಪ್ರಿಲ್ 6. ರಷ್ಯಾದ ಆಂಡ್ರೆ ಚೆರ್ನಿಶೋವ್ ತರಬೇತಿಯಲ್ಲಿ ತಂಡ ಶಿಲ್ಲಾಂಗ್‌ನಲ್ಲಿ ಆಡುತ್ತಿತ್ತು. ರಮಝಾನ್ ಮುಗಿಯುತ್ತಾ ಬಂದಿತ್ತು. ದರ್ಜಿಗಳಿಗೆ ಅದು ಉಸಿರಾಡಲೂ ಬಿಡುವಿಲ್ಲದ ಸಮಯವೆಂದು ನಿಮಗೆ ಹೇಳಬೇಕಾಗಿಲ್ಲ. ಮಾಸ್ಟರ್‌ಜೀ ಈದ್‌ನ ಕುರ್ತಾಗಳ ರಾಶಿಯ ನಡುವೆ ಕುಳಿತಿದ್ದರು, ಪತ್ನಿ ಗುಂಡಿ ಹೊಲಿಯುತ್ತಿದ್ದರು, ಮೊಮ್ಮಗನ ಮೊಬೈಲು ಯಂತ್ರಕ್ಕೆ ಒರಗಿತ್ತು. ಮೊದಲ ನಿಮಿಷದಲ್ಲೇ ಅಲೆಕ್ಸಿಸ್ ಗೊಮೆಜ್ ಗೋಲು. ಲಾಜಾಂಗ್ ತಂಡ ಪೆನಾಲ್ಟಿಯಿಂದ ಸಮ ಮಾಡಿತು. 62ನೇ ನಿಮಿಷದಲ್ಲಿ ಕೊಜ್ಲೋವ್ ಮತ್ತೆ ಮುನ್ನಡೆ ಕೊಟ್ಟರು. 2-1. ತಂಡಕ್ಕೆ ಚೊಚ್ಚಲ ಐ-ಲೀಗ್ ಕಿರೀಟ, ದೇಶದ ಅತಿ ದೊಡ್ಡ ಲೀಗ್ ಐಎಸ್‌ಎಲ್‌ಗೆ ಬಡ್ತಿ. "ಆ ಹೊತ್ತಿಗೆ ಹೊಲಿದ ಕುರ್ತಾದ ತೋಳು ಉಲ್ಟಾ ಆಗಿತ್ತು. ಬಿಚ್ಚಿ ಮತ್ತೆ ಹೊಲಿದದ್ದು ನಾನು!" ಪತ್ನಿಯ ದೂರು ಇನ್ನೂ ತೀರಿಲ್ಲ.

ಐಎಸ್‌ಎಲ್‌ನ ಆ ಮೊದಲ ವರ್ಷ, 2024-25ರಲ್ಲಿ, ತಂಡ 13 ತಂಡಗಳ ಪೈಕಿ ಕೊನೆಯ ಸ್ಥಾನದಲ್ಲಿ ಉಳಿಯಿತು. ಗೆದ್ದದ್ದು ಎರಡೇ ಪಂದ್ಯ. ಅದರಲ್ಲೊಂದು ನಮ್ಮ ಬೆಂಗಳೂರಿನ ಕಂಠೀರವ ಕ್ರೀಡಾಂಗಣದಲ್ಲಿ, 2025ರ ಜನವರಿ 11ರಂದು. 88ನೇ ನಿಮಿಷದಲ್ಲಿ ಕಾಸಿಮೋವ್ ಅವರ ಒಂದು ಫ್ರೀಕಿಕ್, 1-0. ಅದೇ ತಿಂಗಳ ಕೊನೆಗೆ ಚೆರ್ನಿಶೋವ್ ತಂಡ ಬಿಟ್ಟರು. ಇದನ್ನೆಲ್ಲ ಹೇಳುವಾಗ ಮಾಸ್ಟರ್‌ಜೀಯ ದನಿಯಲ್ಲಿ ಬೇಸರವಿತ್ತು, ಆದರೆ ಬಾವುಟ ಗೋಡೆಯಲ್ಲೇ ಇತ್ತು.

ಫುಟ್ಬಾಲಿಗೂ ನಮಗೂ ಏನು ಸಂಬಂಧ ಎಂದು ನೀವು ಕೇಳಬಹುದು. ಶಿಕ್ಷಕಿಯಾದ ನನಗೆ ಸಂಬಂಧ ಕಾಣುತ್ತದೆ. ನಮ್ಮ ಮಕ್ಕಳಿಗೆ ನಾವು ಗೆದ್ದವರ ಕತೆಗಳನ್ನು ಬೇಕಾದಷ್ಟು ಹೇಳುತ್ತೇವೆ. ರ‍್ಯಾಂಕ್ ಬಂದ ಮಗುವಿನ ಬೆನ್ನು ತಟ್ಟಲು ಊರೇ ಇದೆ. ಕಡಿಮೆ ಅಂಕದ ಪಟ್ಟಿ ಹಿಡಿದು ಬಾಗಿಲಲ್ಲಿ ನಿಂತ ಮಗುವಿಗೆ ಮನೆಯವರು ಮಾತ್ರ ಇರುತ್ತಾರೆ. ಆ ಹೊತ್ತಿನಲ್ಲಿ ಅದರ ಬಾವುಟವನ್ನು ನಾವು ಗೋಡೆಯಿಂದ ಇಳಿಸುತ್ತೇವೋ, ಅಲ್ಲೇ ಉಳಿಸುತ್ತೇವೋ? ಸಬ್ರ್ ಎಂಬ ಪದವನ್ನು ನಾವು ತರಗತಿಯಲ್ಲಿ ಎಷ್ಟೋ ಸಲ ಬರೆಸುತ್ತೇವೆ. ಸಬ್ರ್ ಎಂದರೆ ಬರೇ ಕೈಕಟ್ಟಿ ಕಾಯುವುದಲ್ಲ, ಕಾಯುತ್ತಲೇ ದಿನದ ಹೊಲಿಗೆಯನ್ನು ಮುಂದುವರಿಸುವುದು ಎಂದು ನನಗೆ ಮಟಿಯಾಬುರ್ಜ್‌ನ ಆ ಮನೆಯಲ್ಲಿ ಅನ್ನಿಸಿತು.

ನೀವು ಕೋಲ್ಕತಾಕ್ಕೆ ಹೋದರೆ ಹೌರಾ ಸೇತುವೆಯನ್ನು ಖಂಡಿತ ನೋಡಿ. ಧರ್ಮತಲಾದ ಮಸೀದಿಗೂ ಹೋಗಿ ಬನ್ನಿ. ಮತ್ತೆ ಒಂದು ಸಂಜೆ ಮೈದಾನದಲ್ಲಿ ಮಕ್ಕಳನ್ನು ಕೂರಿಸಿಕೊಂಡು, ಕಪ್ಪು ಬಿಳುಪು ಅಂಗಿಯವರ ಈ ಕತೆ ಹೇಳಿ. ಗೆದ್ದ ವರ್ಷಗಳನ್ನು ಹೇಳುವಾಗ ಸೋತ ವರ್ಷಗಳನ್ನು ಬಿಟ್ಟುಬಿಡಬೇಡಿ.