ಒಳ್ಳೆಯ ಹುಡುಗ

ನಮ್ಮಲ್ಲಿ ಹುಡುಗನೊಬ್ಬನನ್ನು ಹೊಗಳಬೇಕಾದರೆ, "ಮನೆಯಲ್ಲಿದ್ದಾನೋ ಇಲ್ಲವೋ ಎಂಬುದೇ ತಿಳಿಯದು" ಎನ್ನುವುದು ವಾಡಿಕೆ. ಬಾಯಿಲ್ಲದಿರುವುದನ್ನೇ ಸದ್ಗುಣವೆಂದು ಎಣಿಸಿದ ಜನ ನಾವು.

ಚನ್ನಪಟ್ಟಣಕ್ಕೆ ಸಮೀಪದ ಬೈರಾಪಟ್ಟಣದಲ್ಲಿ ನನ್ನ ಸ್ನೇಹಿತರೊಬ್ಬರಿದ್ದಾರೆ, ಬೊಂಬೆಯ ಕಸುಬಿನವರು. ಹಸಿಯಾರದ ಮರಕ್ಕೆ ಅರಗಿನ ಬಣ್ಣ ಕೊಟ್ಟರೆ ಮುಂದೆ ಸೀಳು ಬಿಡುವುದೆಂದು ಬಲ್ಲವರು. ಅವರ ಮಗ ಹತ್ತನೆಯ ತರಗತಿಯಲ್ಲಿದ್ದಾಗ ಊರಿಗೆಲ್ಲ 'ಒಳ್ಳೆಯ ಹುಡುಗ'. ಆದರೆ ಪರೀಕ್ಷೆಯ ದಿನ ಬೆಳಗಾದರೆ ಅವನಿಗೆ ಹೊಟ್ಟೆನೋವು. ಕಷಾಯವಾಯಿತು, ಮಾತ್ರೆಯಾಯಿತು, ದೃಷ್ಟಿ ತೆಗೆದುದೂ ಆಯಿತು. ಕಡೆಗೆ ಉಪಾಧ್ಯಾಯಿನಿಯೊಬ್ಬರು ಅವನನ್ನು ಹತ್ತಿರ ಕೂರಿಸಿಕೊಂಡು, "ಭಯವಾಗುತ್ತದೆಯೇನಪ್ಪ?" ಎಂದರಂತೆ. ಹುಡುಗ ಬಿಕ್ಕಿಬಿಕ್ಕಿ ಅತ್ತ. ಅಂಕ ಕಡಿಮೆಯಾದರೆ ತಂದೆಗೆ ಮುಖ ತೋರಿಸುವುದು ಹೇಗೆಂದು ತಿಂಗಳುಗಟ್ಟಲೆ ನಿದ್ದೆಗೆಟ್ಟಿದ್ದನಂತೆ.

ಅಂಥ ಉಪಾಧ್ಯಾಯಿನಿ ದೊರೆತದ್ದು ಅವನ ಅದೃಷ್ಟ. ಅದೃಷ್ಟಕ್ಕೆ ಬಿಟ್ಟದ್ದನ್ನು ಪಾಠಕ್ಕೆ ತರಬಾರದೇಕೆ? ಹೃದಯಕ್ಕೆ ನಾಲ್ಕು ಕೋಣೆಗಳೆಂದು ಕಲಿಸುವ ಶಾಲೆ, ಅದು ಭಯದಿಂದ ಹೊಡೆದುಕೊಳ್ಳುವಾಗ ಮಾಡತಕ್ಕದ್ದೇನೆಂಬುದನ್ನೂ ಕಲಿಸಬೇಡವೆ?

ಇದು ಬರಿಯ ಕನಸಲ್ಲ. ಬೆಂಗಳೂರಿನ ನಿಮ್ಹಾನ್ಸ್‌ನ ವೈದ್ಯರಾದ ಶ್ರೀಕಲಾ ಭರತ್ ಮತ್ತು ಕಿಶೋರ್ ಕುಮಾರ್, ಶಾಲೆಯ ಉಪಾಧ್ಯಾಯರಿಗೇ ತರಬೇತಿಯಿತ್ತು ಹರೆಯದ ಮಕ್ಕಳಿಗೆ ಜೀವನ ಕೌಶಲ್ಯಗಳನ್ನು ಕಲಿಸುವ ಕ್ರಮವೊಂದನ್ನು ರೂಪಿಸಿದರು. ಉಪನ್ಯಾಸಕ್ಕಿಂತ ಚಟುವಟಿಕೆ ಮತ್ತು ಚರ್ಚೆಗೆ ಅಲ್ಲಿ ಪ್ರಾಧಾನ್ಯ. ತನ್ನ ಭಾವನೆಯನ್ನು ಗುರುತಿಸುವುದು, ಒತ್ತಡವನ್ನು ನಿಭಾಯಿಸುವುದು, ಮನಸ್ಸಿನಲ್ಲಿದ್ದುದನ್ನು ತಿಳಿಯಾಗಿ ಹೇಳುವುದು – ಇವೇ ಪಾಠಗಳು. 2010ರಲ್ಲಿ ಪ್ರಕಟವಾದ ಅವರ ಅಧ್ಯಯನದಲ್ಲಿ, ಈ ಶಿಕ್ಷಣ ಪಡೆದ 605 ಮಕ್ಕಳನ್ನು ಪಡೆಯದ 423 ಮಕ್ಕಳೊಡನೆ ಹೋಲಿಸಿದ್ದಾರೆ. ಕಲಿತವರಲ್ಲಿ ಆತ್ಮಗೌರವ ಹೆಚ್ಚಾಗಿತ್ತು; ಶಾಲೆಯೊಡನೆ, ಉಪಾಧ್ಯಾಯರೊಡನೆ ಹೊಂದಿಕೆಯೂ ಉತ್ತಮವಾಗಿತ್ತು. ಆದರೆ ಮನೆಯವರೊಡನೆ ಹೊಂದಿಕೆಯಲ್ಲಿ ಎರಡು ಗುಂಪುಗಳಿಗೂ ಗಮನಾರ್ಹ ಅಂತರ ಕಾಣಲಿಲ್ಲ.

ಈ ಕೊನೆಯ ಮಾತು ನನ್ನನ್ನು ಬಹಳ ಕಾಡಿತು. ಮಗು ಮಾತು ಕಲಿತರೆ ಸಾಲದು. ಮನೆಯಲ್ಲಿ ಕೇಳುವವರೂ ಬೇಕಲ್ಲವೆ!

ಉಪಾಧ್ಯಾಯರಾಗಲಿ ತಂದೆತಾಯಿಗಳಾಗಲಿ ವೈದ್ಯರಾಗಬೇಕಾಗಿಲ್ಲ. ಸಂಕಟ ಕೈಮೀರುವಂತಿದ್ದರೆ ಬಲ್ಲವರ ಬಳಿ ಕರೆದೊಯ್ದರಾಯಿತು. 2022ರ ಅಕ್ಟೋಬರ್‌ನಲ್ಲಿ ಆರಂಭವಾದ ಸರ್ಕಾರದ ಟೆಲಿ ಮಾನಸ್ ಸೇವೆಯ 14416 ಸಂಖ್ಯೆಗೆ ಹಗಲಿರುಳೆನ್ನದೆ ಕರೆಮಾಡಿ, ಖರ್ಚಿಲ್ಲದೆ ಕನ್ನಡದಲ್ಲೇ ಮಾತನಾಡಬಹುದು. ಅದಕ್ಕೂ ಮೊದಲು ಮಾಡಬಹುದಾದದ್ದೊಂದಿದೆ. ಊಟಕ್ಕೆ ಕುಳಿತಾಗ ಅಂಕವೆಷ್ಟೆಂದು ಕೇಳುವ ಮುನ್ನ, ರಾತ್ರಿ ಚೆನ್ನಾಗಿ ನಿದ್ದೆ ಬಂತೇ ಎಂದು ಮಕ್ಕಳನ್ನು ಕೇಳೋಣ. ಉತ್ತರ ಬರುವವರೆಗೆ ಕಾಯೋಣ.