ಕಾಕತಿಗೆ ಸೋಡಾ ಬಾಟ್ಲಿ ಬಂದ ದಾರಿ

ಬೆಳಗಾವಿಯಿಂದ ಪುಣೆ ರಸ್ತೆ ಹಿಡಿದರೆ ಊರು ಮುಗಿಯಿತು ಅನ್ನುವಷ್ಟರಲ್ಲಿ ಕಾಕತಿ ಬರುತ್ತದೆ. ಕಿತ್ತೂರು ಚೆನ್ನಮ್ಮ 1778ರಲ್ಲಿ ಹುಟ್ಟಿದ ಊರು. ಆಕೆಯ ತವರಾದ ದೇಸಾಯರ ವಾಡೆ ನೋಡಿಕೊಂಡು ಪರಿಚಯದವರ ಮನೆಗೆ ಹೋದಾಗ ಅಲ್ಲಿನ ಅಜ್ಜಿ ಮಾಡದೊಳಗಿಂದ ಒಂದು ಗೋಲಿ ಸೋಡಾ ಬಾಟ್ಲಿ ತೆಗೆದು ಕೈಗಿಟ್ಟರು.

"ನಮ್ಮ ಮಾವನೋರ ಅಪ್ಪ ಬೆಳಗಾವಿ ದಂಡಿನ ಕ್ಯಾಂಪಿನಿಂದ ತಂದದ್ದರಿ ಇದು. ಗೋವಾದಿಂದ ರೈಲಿನ್ಯಾಗ ಬಂದಿತ್ತಂತ."

ನೀಲಿ ಬೆರೆತ ತಿಳಿಹಸಿರು ಗಾಜು, ಅದರೊಳಗೆ ಸಾಸಿವೆಯಷ್ಟು ಗಾಳಿಗುಳ್ಳೆಗಳು. ಕತ್ತಿನಲ್ಲಿ ಚಿವುಟಿದ ಹಾಗೆ ಎರಡು ತಗ್ಗು. ಅಲುಗಿಸಿದರೆ ಗೋಲಿ ಇನ್ನೂ ಟಣ್ ಅನ್ನುತ್ತದೆ. ಬಾಯೊಳಗಿನ ರಬ್ಬರ್ ಉಂಗುರ ಮಾತ್ರ ಇಲ್ಲ. ಸೋಡಾದ ಗ್ಯಾಸು ಗೋಲಿಯನ್ನು ಆ ಉಂಗುರಕ್ಕೆ ಒತ್ತಿ ಹಿಡಿಯುತ್ತಿತ್ತು, ಬಿರಡೆಯೇ ಬೇಕಿರಲಿಲ್ಲ. ಬಾಟ್ಲಿಯನ್ನು ಕಿಟಕಿಯ ಬೆಳಕಿಗೆ ಓರೆಯಾಗಿ ಹಿಡಿದಾಗ ಉಬ್ಬಕ್ಷರ ಕಂಡವು: ಡ್ಯಾನ್ ರೈಲ್ಯಾಂಡ್ಸ್, ಬಾರ್ನ್ಸ್ಲಿ.

ಇಷ್ಟು ಸಿಕ್ಕರೆ ದಾಖಲೆಗಳು ಮಾತಾಡತೊಡಗುತ್ತವೆ. ಈ ಗೋಲಿ ಬಾಟ್ಲಿಗೆ 1872ರಲ್ಲಿ ಪೇಟೆಂಟ್ ಪಡೆದವರು ಇಂಗ್ಲೆಂಡಿನ ಹೈರಮ್ ಕಾಡ್. ಬಾರ್ನ್ಸ್ಲಿಯ ರೈಲ್ಯಾಂಡ್ಸ್ ಗಾಜಿನ ಕಾರ್ಖಾನೆಯಲ್ಲಿ ಅವರು ಪಾಲುದಾರರಾಗಿದ್ದರು. 1884ರಲ್ಲಿ ಆ ಪಾಲುದಾರಿಕೆ ಮುಗಿದು ಡ್ಯಾನ್ ರೈಲ್ಯಾಂಡ್ಸ್ ಒಬ್ಬರೇ ಮಾಲೀಕರಾದರು. 1888ರಲ್ಲಿ ಅದು ಲಿಮಿಟೆಡ್ ಕಂಪನಿಯಾಯಿತು. ಅಜ್ಜಿಯ ಬಾಟ್ಲಿಯ ಮೇಲೆ ಕಾಡ್ ಹೆಸರೂ ಇಲ್ಲ, ಲಿಮಿಟೆಡ್ ಅನ್ನುವುದೂ ಇಲ್ಲ. ಹಾಗಾಗಿ ಅದರ ಹುಟ್ಟು ಆ ನಾಲ್ಕೈದು ವರ್ಷಗಳ ನಡುವೆ ಎಂದು ನನ್ನ ಎಣಿಕೆ.

ಉಳಿದದ್ದು ರೈಲಿನ ಮಾತು. ಅದನ್ನು ಪರೀಕ್ಷಿಸಲೆಂದೇ ಖಾನಾಪುರದ ಮೇಲೆ ಹಾದು ಲೋಂಡಾಕ್ಕೆ ರೈಲಿನಲ್ಲೇ ಹೋದೆ. ಖಾನಾಪುರ ದಾಟಿದ ಮೇಲೆ ಹೊಲಗಳು ತೆಳುವಾಗುತ್ತ ಕಾಡು ಹಳಿಯ ಹತ್ತಿರಕ್ಕೇ ಬರುತ್ತದೆ. ಗೋವಾದ ಹಳಿ ಬಂದು ಸೇರುವ ಜಂಕ್ಷನ್ ಲೋಂಡಾ. ಸದರ್ನ್ ಮರಾಠಾ ರೈಲ್ವೆ ಬೆಳಗಾವಿಯನ್ನು ಮುಟ್ಟಿದ್ದು 1887ರಲ್ಲಿ. ಆದರೆ ಮಾರ್ಮಗೋವಾ ಬಂದರಿನ ಹಳಿ ಘಟ್ಟ ಹತ್ತಿ ಲೋಂಡಾ ಕಡೆಯ ಕ್ಯಾಸಲ್‌ರಾಕ್ ತಲುಪಿದ್ದು ಅದರ ಮರುವರ್ಷ.

ಅದಕ್ಕೂ ಮುಂಚೆ ಬೆಳಗಾವಿಗೆ ಕಡಲ ಬಾಗಿಲು ವೆಂಗುರ್ಲಾ. 1818ರಲ್ಲಿ ಕೋಟೆ ಬ್ರಿಟಿಷರ ಕೈ ಸೇರಿ ದಂಡು ಬೀಡುಬಿಟ್ಟ ಮೇಲೆ ಹಡಗಿನ ಸಾಮಾನು ಅಲ್ಲಿಳಿದು, ಚಕ್ಕಡಿಯಲ್ಲಿ ಘಟ್ಟ ಹತ್ತುತ್ತಿತ್ತು. ಬಾಟ್ಲಿ ಗೋದಾಮಿನಲ್ಲಿ ವರ್ಷಗಟ್ಟಲೆ ಕೂತು ತಡವಾಗಿ ಹಡಗೇರಿದ್ದರೆ ಅಜ್ಜಿಯ ಮಾತೇ ನಿಜವಾದೀತು. ನನಗೆ ಮಾತ್ರ ಚಕ್ಕಡಿಯ ದಾರಿಯೇ ಹೆಚ್ಚು ಒಪ್ಪಿಗೆ. ಹುಲ್ಲಿನಲ್ಲಿ ಸುತ್ತಿದ ಗಾಜಿನ ಪೆಟ್ಟಿಗೆ ಹೇರಿಕೊಂಡು ಆಂಬೋಲಿ ಘಟ್ಟದ ತಿರುವುಗಳಲ್ಲಿ ಎತ್ತು ಹೊಡೆದವರ ಹೆಸರು ಯಾವ ಗೆಜೆಟಿಯರಿನಲ್ಲೂ ಸಿಗಲಿಕ್ಕಿಲ್ಲ. ಆ ದಾರಿಯ ಹಳ್ಳಿಗಳಲ್ಲಿ ಅವರ ಮೊಮ್ಮಕ್ಕಳ ಮಕ್ಕಳು ಇದ್ದೇ ಇರುತ್ತಾರೆ. ಮಳೆ ನಿಂತ ಮೇಲೆ ಸಾವಂತವಾಡಿ ಮಾರ್ಗವಾಗಿ ವೆಂಗುರ್ಲಾಕ್ಕೆ ಇಳಿದು ಅವರನ್ನು ಕೇಳಬೇಕು.