ನಿರ್ಜನವಾದ ಕಣಿವೆ

ಕೆಲವು ವರುಷಗಳ ಹಿಂದೆ, ಇನ್ವರ್ನೆಸ್ ಪಟ್ಟಣದಲ್ಲಿ ದಾದಿಯಾಗಿದ್ದ ನನ್ನ ಮಗಳ ಬಳಿಗೆ ಬೇಸಗೆಯಲ್ಲಿ ಹೋಗಿದ್ದಾಗ, ಸ್ಕಾಟ್ಲೆಂಡಿನ ಉತ್ತರದಂಚಿನಲ್ಲಿರುವ ಸ್ಟ್ರಾತ್‌ನೇವರ್ ಎಂಬ ನದೀಕಣಿವೆಯನ್ನು ಕಾಣುವ ಸುಯೋಗವು ನನಗೆ ಒದಗಿತು. ನಾನು ಓದಿದ ಶಾಲೆಯ ಈ ಸಂಚಿಕೆಯಲ್ಲಿ ಆ ದಿನದ ಅನುಭವವನ್ನು ಸಂಕ್ಷೇಪವಾಗಿ ಅರುಹಲು ಬಯಸುವೆನು.

ಮುಂಜಾನೆ ಮೋಟಾರಿನಲ್ಲಿ ಹೊರಟು ಆಲ್ಟ್‌ನಹಾರಾ ಎಂಬ ಚಿಕ್ಕ ಗ್ರಾಮವನ್ನು ಸೇರಿದೆವು. ಅಲ್ಲಿಂದ ಒಂದೇ ಬಂಡಿಯ ಅಗಲದ ದಾರಿಯು ನೇವರ್ ಸರೋವರದ ದಡವನ್ನು ಹಿಡಿದು ಸಾಗುವದು. ಸರೋವರದಿಂದ ಹೊರಡುವ ನೇವರ್ ನದಿಯು ಉತ್ತರಾಭಿಮುಖವಾಗಿ ಸುಮಾರು 30 ಕಿಲೋಮೀಟರು ಹರಿದು ಸಮುದ್ರವನ್ನು ಸೇರುತ್ತದೆ. ದಕ್ಷಿಣದಲ್ಲಿ ಕ್ಲಿಬ್ರೆಕ್ ಪರ್ವತ, ಇಳಿಜಾರಿನಲ್ಲಿ ಬರ್ಚ್ ಮರಗಳು, ಎಲ್ಲೆಲ್ಲಿಯೂ ಮೌನ. "ಮನುಷ್ಯನ ಕೈ ಸೋಕದ ಈ ಏಕಾಂತವು ಎಷ್ಟು ರಮ್ಯವಾಗಿದೆ!" ಎಂದು ಉದ್ಗರಿಸಿದೆನು. ಮಗಳು ಏನನ್ನೂ ನುಡಿಯದೆ ರೋಸಲ್ ಎಂಬಲ್ಲಿ ಬಂಡಿಯನ್ನು ನಿಲ್ಲಿಸಿದಳು.

ನೆಟ್ಟ ಕಾಡಿನೊಳಗೆ ಸ್ವಲ್ಪ ದೂರ ನಡೆಯಲು, ಹಸುರಾದ ವಿಶಾಲ ಬಯಲು ಕಾಣಿಸಿತು. ಹುಲ್ಲು ಮುಚ್ಚಿದ ಗೋಡೆಗಳ ಬುಡಗಳು, ಧಾನ್ಯವನ್ನು ಒಣಗಿಸುತ್ತಿದ್ದ ಗೂಡು, ಹಿಂದೆ ಉತ್ತಿದ್ದ ನೆಲದ ಏರುತಗ್ಗುಗಳು: ಅದೊಂದು ಊರಾಗಿತ್ತು. ಕುರಿಗಳ ಉಣ್ಣೆಯಿಂದ ಹೆಚ್ಚು ಗೇಣಿಯು ದೊರೆಯುವದೆಂದು, ಸದರ್ಲೆಂಡ್ ಜಮೀನಿನ ಒಡೆಯರು ಇಲ್ಲಿಯ ಒಕ್ಕಲುಗಳನ್ನು 1814ರಿಂದ 1818ರೊಳಗೆ ಎಬ್ಬಿಸಿದರು. ಮರಳಿ ಮನೆ ಕಟ್ಟದಂತೆ ಮಾಡಿನ ತೊಲೆಗಳನ್ನು ಸುಡುವದೂ ನಡೆಯಿತು. ಜಮೀನಿನ ಅಧಿಕಾರಿಯಾಗಿದ್ದ ಪ್ಯಾಟ್ರಿಕ್ ಸೆಲ್ಲರನೇ ಕಣಿವೆಯಲ್ಲಿ ಕುರಿಗಳ ಗೇಣಿದಾರನೂ ಆಗಿದ್ದನು. ಹಾಸಿಗೆ ಹಿಡಿದ ವೃದ್ಧೆಯೊಬ್ಬಳಿದ್ದ ಮನೆಗೆ ಬೆಂಕಿಯಿಡಿಸಿದನೆಂಬ ಆರೋಪವೂ ಅವನ ಮೇಲೆ ಇತ್ತು; 1816ರಲ್ಲಿ ಇನ್ವರ್ನೆಸ್ಸಿನಲ್ಲಿ ವಿಚಾರಣೆ ನಡೆದು ಅವನು ನಿರ್ದೋಷಿಯೆಂದು ತೀರ್ಪಾಯಿತು. 1819ರಲ್ಲಿ ಉಳಿದ ಊರುಗಳೂ ಬರಿದಾದವು. ಆ ವಸಂತದಲ್ಲಿ ಬೋಧಕ ಡೊನಾಲ್ಡ್ ಸೇಜ್ ಕಡೆಯ ಪ್ರಸಂಗ ಮಾಡುತ್ತಿರುವಾಗ, ಬೋಧಕನ ಮಾತು ನಿಂತು, ಸಭೆಯೆಲ್ಲ ಗಟ್ಟಿಯಾಗಿ ಅತ್ತಿತೆಂದು ಅವನೇ ಬರೆದಿಟ್ಟಿದ್ದಾನೆ.

ನದಿಯೊಡನೆ ಇಳಿದು ಸಮುದ್ರತೀರದ ಬೆಟ್ಟಿಹಿಲ್ ಗ್ರಾಮಕ್ಕೆ ಬಂದೆವು. ಹೊರದೂಡಲ್ಪಟ್ಟ ಅನೇಕರಿಗೆ ಇಂಥ ಕರಾವಳಿಯಲ್ಲಿಯೇ ಕಲ್ಲುನೆಲದ ತುಂಡುಗಳು ದೊರೆತವು. ದನ ಸಾಕಿ ಬಾಳಿದವರು ಮೀನು ಹಿಡಿಯಲು ಕಲಿಯಬೇಕಾಯಿತು. ಅಲ್ಲಿಯ ಹಳೆಯ ಫಾರ್ ದೇವಾಲಯವು ಈಗ ವಸ್ತುಸಂಗ್ರಹಾಲಯವಾಗಿರುವದು. ಅದರ ಅಂಗಳದಲ್ಲಿ ಸಾವಿರಕ್ಕೂ ಹೆಚ್ಚು ವರುಷಗಳಷ್ಟು ಪುರಾತನವಾದ ಶಿಲುಬೆಯ ಕೆತ್ತನೆಯ ಕಲ್ಲು ನಿಂತಿದೆ. ಒಳಗೆ ನೂಲುವ ರಾಟೆ ಮೊದಲಾದ ಗೃಹಸಾಮಗ್ರಿಗಳನ್ನು ನೋಡುತ್ತ, ಉರಿಯುವ ಮನೆಯಿಂದ ಒಬ್ಬ ತಾಯಿಯು ಮೊದಲು ಏನನ್ನು ಎತ್ತಿಕೊಂಡಾಳೆಂದು ಯೋಚಿಸಿ ಬಹಳ ಹೊತ್ತು ನಿಂತೆನು.

ಸಾಯಂಕಾಲ ಬಂದ ದಾರಿಯಲ್ಲೇ ಹಿಂತಿರುಗಿದೆವು. ಸರೋವರದ ದಡದ ಗ್ರಮ್ಮೋರ್ ಎಂಬಲ್ಲಿ, ಮುಂಜಾನೆ ನಾನು ಬರಿಯ ಬಂಡೆಗಳೆಂದು ಬಗೆದಿದ್ದ ಕಲ್ಲುಗಳ ರಾಶಿಯು ಮನೆಗಳಾಗಿ ಕಂಡಿತು. ಬಾಗಿಲಿನ ಎಡೆಯೂ ತಿಳಿಯುತ್ತಿತ್ತು. ಮುಂಜಾನೆಯ ನನ್ನ ಮಾತನ್ನು ನೆನೆದು ನಾಚಿದೆನು. ಮನುಷ್ಯನ ಕೈ ಸೋಕದ ಏಕಾಂತವಲ್ಲ, ಮನುಷ್ಯನ ಕೈಯೇ ಮಾಡಿದ ಏಕಾಂತವದು. ಪ್ರಿಯ ಸಹೋದರಿಯರೇ, ನೀವೂ ಮುಂದೆ ದೇಶಸಂಚಾರ ಮಾಡುವಿರಿ. ಬರಿದಾದ ಚೆಲುವು ಕಣ್ಣಿಗೆ ಬಿದ್ದಲ್ಲಿ ಹೊಗಳುವ ಮೊದಲು, ಇಲ್ಲಿ ಯಾರಿದ್ದರು ಎಂದು ಒಮ್ಮೆ ಕೇಳಿರಿ.